ಮಸ್ಕತ್ತಿನ ನಾಲ್ಕನೇ ಕೊಟ್ರೇಶ

ಹಗರಿಬೊಮ್ಮನಹಳ್ಳಿ

ಮಸ್ಕತ್ತಿಗೆ ಹೋಗುವ ಮುಂಚೆಯೇ ಅಲ್ಲಿನ ಒಬ್ಬರನ್ನು ನಾನು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಸುದ್ದಿ ಬರೆದವನಿಗೆ ಇರಬಾರದ ಧೈರ್ಯ ಅದು.

ನಮ್ಮೂರ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಇಂಟರ್ನೆಟ್ ಅಂಗಡಿ ಶುರುವಾಗಿ ಎರಡು ವರ್ಷವಾಗಿತ್ತು. ಪ್ರತಿ ಗುರುವಾರ ಅಲ್ಲಿ ಕುಳಿತು, ಪತ್ರಿಕೆಯಲ್ಲಿ ಜಾಗ ಸಿಗದ ಸುದ್ದಿಗಳನ್ನೆಲ್ಲ ಸೇರಿಸಿ ಒಂದು ಕಾಗದ ಟೈಪು ಮಾಡುತ್ತಿದ್ದೆ. ಕೂಡ್ಲಿಗಿಯ ಬೆಳಗಿನ ಬಸ್ಸು ನಿಂತುಹೋದದ್ದು, ಉಜ್ಜಿನಿ ರಸ್ತೆಯ ಗುಂಡಿಗೆ ಮಣ್ಣು ಹಾಕಿದ್ದು, ಮೊದಲ ಮಳೆಗೆ ಅದು ಹೋದದ್ದು, ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಈ ಸಲ ಸಣ್ಣದಾದದ್ದು. ಸಂಪಾದಕರು ಕಸದ ಬುಟ್ಟಿಗೆ ಹಾಕುವ ಇಂಥ ಸುದ್ದಿಗೆ ಸಾವಿರಾರು ಮೈಲಿ ಆಚೆ ಓದುಗರಿದ್ದರು.

ಅವರು ಅರಬ್ ದೇಶಗಳಲ್ಲಿ ದುಡಿಯುತ್ತಿದ್ದ ನಮ್ಮ ಸೀಮೆಯವರು. ಎಲೆಕ್ಟ್ರಿಷಿಯನ್ನರು, ಮೆಕ್ಯಾನಿಕ್ಕುಗಳು, ಟೇಲರುಗಳು, ಗೋದಾಮು ನೋಡಿಕೊಳ್ಳುವವರು. ಎಲ್ಲರೂ ಸೇರಿ ಇಂಟರ್ನೆಟ್ಟಿನಲ್ಲಿ ನಮ್ಮ ಕಡೆಯ ಹೊಳೆಯ ಹೆಸರಿಟ್ಟು ‘ಚಿಕ್ಕ ಹಗರಿ ಬಳಗ’ ಎಂಬ ಗುಂಪು ಕಟ್ಟಿಕೊಂಡಿದ್ದರು. ಒಬ್ಬ ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಅಕ್ಷರ ಇಂಗ್ಲಿಷಿನದು, ಮಾತು ಊರಿನದು. ಒಬ್ಬರ ಮುಖವನ್ನು ಒಬ್ಬರು ನೋಡಿರಲಿಲ್ಲವಾದ್ದರಿಂದ, ಸೇರಬಯಸುವವರಿಗೆ ಒಂದು ಪರೀಕ್ಷೆ ಇತ್ತು: ನಿಮ್ಮೂರ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಯಾವ ವಾಸನೆ ಬರುತ್ತದೆ? ಹಡಗಲಿಯವರು ಮಲ್ಲಿಗೆ ಎಂದು ಬರೆದು ಪಾಸಾಗುತ್ತಿದ್ದರು. ಕೊಟ್ಟೂರಿನವರು ಮಿರ್ಚಿ ಎನ್ನುತ್ತಿದ್ದರು. ಹರಪನಹಳ್ಳಿಯ ದಾದಾಪೀರ್ ಎಂಬ ಮೆಕ್ಯಾನಿಕ್ ‘ಡೀಸೆಲ್’ ಎಂದು ಬರೆದಾಗ ಗಲಾಟೆಯಾಯಿತು.

ಡೀಸೆಲ್ ಎಲ್ಲ ಊರಲ್ಲೂ ಇರುತ್ತದೆ ಎಂಬುದು ಮೊದಲ ಆಕ್ಷೇಪ. ಅದಕ್ಕಿಂತ ದೊಡ್ಡ ಆಕ್ಷೇಪ ಬಳಗದ ಅಧ್ಯಕ್ಷ ನಾಗರಾಜಪ್ಪನವರದು. ಕೂಡ್ಲಿಗಿಯವರಾದ ಇವರು ಮಸ್ಕತ್ತಿನ ಕಟ್ಟಡ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ನಿಯಮ ಎಂದರೆ ಪ್ರಾಣ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ ಆರೇಳು ವರ್ಷವಾಗಿರುವುದರಿಂದ ಅರ್ಜಿ ತಿರಸ್ಕೃತ ಎಂದು ಬರೆದರು. ಆಗ ಕೊಟ್ರೇಶ-4 ಎಂಬ ಸದಸ್ಯ ಉತ್ತರಿಸಿದ್ದು ಹೀಗೆ: ‘ಹರಪನಹಳ್ಳಿನ ದಾವಣಗೇರಿಗೆ ಕೊಡುವಾಗ ನಮ್ಮನ್ನ ಯಾರೂ ಕೇಳಿಲ್ಲ. ಈಗ ಆ ಮನಶಾನ್ನ ತಗೊಳಾಕ ನಾವು ಯಾರನ್ನ ಕೇಳಬೇಕು?’ ದಾದಾಪೀರ್ ಒಳಗೆ ಬಂದ.

ನಮ್ಮ ಕಡೆ ಕೊಟ್ಟೂರೇಶ್ವರನ ಹೆಸರು ಇಡದ ಓಣಿ ಇಲ್ಲ. ಬಳಗದಲ್ಲಿ ಏಳು ಕೊಟ್ರೇಶರಿದ್ದು, ಸೇರಿದ ಕ್ರಮದಲ್ಲಿ ನಂಬರು ಕೊಟ್ಟಿದ್ದರು. ನಾಲ್ಕನೆಯವನು ಎಲ್ಲರಿಗೂ ಬೇಕಾದವನು. ಕ್ಯಾಂಪುಗಳಲ್ಲಿ ಆರೆಂಟು ಮಂದಿ ಒಂದು ಕೋಣೆಯಲ್ಲಿ ಇರುವ ಹುಡುಗರಿಗೆ ಆತ ಜೋಳದ ರೊಟ್ಟಿ ಮಾಡುವುದನ್ನು ಕಂತು ಕಂತಾಗಿ ಕಲಿಸುತ್ತಿದ್ದ. ‘ಎಸರು ಮರಳೋಕಿಂತ ಮೊದಲಾ ಹಿಟ್ಟು ಹಾಕಿದವರು ಕೈ ಎತ್ರಿ. ಇಳಸ್ರಿ. ಹೋಗಿ ಅಂಗಡಿ ಬ್ರೆಡ್ ತಿನ್ರಿ.’ ಇಂಥವನ್ನು ಓದಿ ನಾನು ಇಂಟರ್ನೆಟ್ ಅಂಗಡಿಯಲ್ಲಿ ಒಬ್ಬನೇ ನಗುತ್ತಿದ್ದೆ.

ನಕ್ಕು ಸುಮ್ಮನಿರದೆ ಪತ್ರಿಕೆಯಲ್ಲಿ ಅರ್ಧ ಪುಟ ಬರೆದೆ. ‘ಮಸ್ಕತ್ತಿನಲ್ಲಿ ರೊಟ್ಟಿ ಪಾಠ: ಕೊಟ್ಟೂರಿನ ಯುವಕನ ಸಾಧನೆ.’ ಅದು ಅಚ್ಚಾದ ದಿನ ಕೊಟ್ರೇಶನ ತಾಯಿ ಓಣಿಯವರ ಮುಂದೆ, “ನನ್ನ ಮಗ ನೀರು ಕುಡಿಯಾಕ ತಂಬಿಗಿ ಎತ್ತಿದಾವಲ್ಲ, ಇವರು ಬ್ಯಾರೆ ಯಾರನ್ನೋ ನೋಡ್ಯಾರ” ಅಂದರಂತೆ. ತಾಯಂದಿರ ವಿನಯ ಎಂದುಕೊಂಡೆ. ಮೂಲವನ್ನು ಪರಿಶೀಲಿಸಬೇಕಿದ್ದ ಜಾಗ ಅದೇ ಆಗಿತ್ತು.

ಮೊದಲ ಬಾರಿಗೆ ಎಲ್ಲರೂ ಮಸ್ಕತ್ತಿನಲ್ಲಿ ಮುಖಾಮುಖಿ ಸೇರುತ್ತೇವೆ, ಊರ ಸುದ್ದಿ ಬರೆಯುವವರೂ ಬರಲೇಬೇಕು ಎಂದು ಬಳಗದವರೇ ಟಿಕೆಟ್ ಕಳಿಸಿದರು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಪ್ಪ ದಿನಾ ನನ್ನ ಜೊತೆ ಚಹಾ ಕುಡಿಯುವವನು. ಆದರೂ ಎದುರಿಗೆ ನಿಂತು, “ಈ ಹೆಸರಿನವರು ಇದಾ ಮನ್ಯಾಗ ಇರ್ತಾರೇನ್ರಿ?” ಎಂದು ಕೇಳಿ, ನನ್ನಿಂದಲೇ ಉತ್ತರ ಪಡೆದು, ಬರೆದುಕೊಂಡು ಹೋದ.

ಸೀಬ್ ವಿಮಾನ ನಿಲ್ದಾಣ

ಚೀಲದಲ್ಲಿ ಬಟ್ಟೆಗಿಂತ ಜೋಳದ ಹಿಟ್ಟು ಹೆಚ್ಚಿತ್ತು. ಕೊಟ್ರೇಶ-4 ಮೊದಲೇ ಎಚ್ಚರಿಸಿದ್ದ: ‘ಗಸಗಸಿ ಒಂದು ಕಾಳೂ ತರಬ್ಯಾಡ್ರಿ. ಇಲ್ಲಿ ಅದು ಮಾದಕ ವಸ್ತು. ನಿಮ್ಮನ್ನ ಬಿಡಿಸ್ಕೊಂಡು ಬರಾಕ ನನಗ ಟೈಮಿಲ್ಲ.’ ತಂದಿರಲಿಲ್ಲ. ಆದರೆ ಗುರೆಳ್ಳು ಚಟ್ನಿ ಪುಡಿ ತಂದಿದ್ದೆ. ಅದು ಕಪ್ಪಗಿರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದರೆ ನನಗೇ ಅನುಮಾನ ಬರುವಂತಿರುತ್ತದೆ.

ಕಸ್ಟಮ್ಸ್ ಅಧಿಕಾರಿ ಗಂಟು ಬಿಚ್ಚಿಸಿದ. ಊಟಕ್ಕೆ ಹಾಕಿಕೊಳ್ಳುವುದು ಎಂದು ಕೈಸನ್ನೆಯಲ್ಲಿ ಹೇಳಿದೆ. ಚಿಟಿಕೆ ತೆಗೆದು ನಾಲಗೆಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಕೆಮ್ಮಿದ. ಪಕ್ಕದವನನ್ನು ಕರೆದು ಅವನಿಗೂ ತಿನ್ನಿಸಿದ. ಅವನು ಕೆಮ್ಮಿ ಮೂರನೆಯವನನ್ನು ಕರೆದ. ಮೂರನೆಯವನು ಕೆಮ್ಮಲಿಲ್ಲ; ಇನ್ನೊಂದು ಚಿಟಿಕೆ ತೆಗೆದುಕೊಂಡು ನನಗೆ ಹೋಗೆಂದ. ನಮ್ಮ ಕಡೆಯ ಚೆಕ್‌ಪೋಸ್ಟುಗಳಲ್ಲಿ ಮಾಲು ತಪಾಸಣೆ ಇಷ್ಟು ಶ್ರದ್ಧೆಯಿಂದ ನಡೆದದ್ದನ್ನು ನಾನು ವರದಿ ಮಾಡಿಲ್ಲ.

ಹೊರಗೆ ನನ್ನ ಹೆಸರು ಬರೆದ ರಟ್ಟು ಹಿಡಿದು ಕೊಟ್ರೇಶ ನಿಂತಿದ್ದ. ಮೂವತ್ತರ ಆಸುಪಾಸು, ಗುಂಡು ಮುಖ, ಇಸ್ತ್ರಿ ಮಾಡಿದ ಅಂಗಿ. ತಬ್ಬಿಕೊಂಡು, “ಏನಪಾ ನಾಲ್ಕನೇ ಕೊಟ್ರೇಶ, ನಿನ್ನ ಕಾಗದ ಓದಿ ಓದಿ ನಮ್ಮ ಮನ್ಯಾಗೂ ಎಸರಿಡೋ ಪದ್ಧತಿ ಬದಲಾಗೈತಿ” ಅಂದೆ.

“ಹೂಂ ರೀ” ಅಂದ.

ಆಮೇಲೆ ಅರ್ಧ ತಾಸಿನ ದಾರಿ. ಎರಡೂ ಕಡೆ ಬೋಳು ಗುಡ್ಡಗಳು. ಸಂಡೂರಿನ ಗುಡ್ಡಗಳ ಹಸಿರನ್ನು ಯಾರೋ ಚಾಕುವಿನಿಂದ ಕೆರೆದು ತೆಗೆದ ಹಾಗೆ. ರಸ್ತೆ ಮಾತ್ರ ಗುಂಡಿ ಎಂಬುದನ್ನೇ ಕೇಳಿಲ್ಲದಂಥದು. ಹಾರ್ನ್ ಯಾರೂ ಹೊಡೆಯುವುದಿಲ್ಲ. ಮೊದಲ ಐದು ನಿಮಿಷ ನನ್ನ ಕಿವಿಗೇನೋ ಆಗಿದೆ ಎಂದುಕೊಂಡೆ. ನಾನು ಕೇಳಿದ್ದಕ್ಕೆಲ್ಲ ಕೊಟ್ರೇಶ ಹೂಂ, ಇಲ್ಲರಿ, ಇರಬೇಕು ಎಂಬ ಮೂರರಲ್ಲಿ ಒಂದನ್ನು ಹೇಳುತ್ತಿದ್ದ. ನಗರ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ, ಕೆಳಗಿಳಿದು, ಬಟ್ಟೆಯಿಂದ ಧೂಳು ಒರೆಸತೊಡಗಿದ.

“ಯಾಕ?”

“ಗಾಡಿ ಹೊಲಸಿದ್ರ ದಂಡಾ ಹಾಕ್ತಾರ್ರಿ.”

ಅಂದು ಅವನು ಆಡಿದ ಅತಿ ಉದ್ದದ ವಾಕ್ಯ ಅದು. ಧೂಳಿನ ಗಾಡಿಗೆ ದಂಡ ಹಾಕುವ ಕಾನೂನು ಕೂಡ್ಲಿಗಿಯಲ್ಲಿ ಬಂದರೆ ಮೊದಲು ಸಿಕ್ಕಿಬೀಳುವುದು ತಹಸೀಲ್ದಾರರ ಜೀಪು ಎಂದೆ. ಈ ಮಾತಿಗೆ ಕಾಗದದ ಕೊಟ್ರೇಶನಾಗಿದ್ದರೆ ಒಂದು ಪುಟ ಉತ್ತರ ಕೊಡುತ್ತಿದ್ದ. ಇವನು ಎದುರಿನ ಗಾಜನ್ನೂ ಒರೆಸಿದ.

ರೂವಿ, ಮೂರನೇ ಅಂತಸ್ತು

ಮನೆಯ ಬಾಗಿಲು ತೆಗೆದವರು ಕೊಟ್ರೇಶನ ಹೆಂಡತಿ ಸುಮಂಗಳಾ. ಹಡಗಲಿ ತಾಲೂಕಿನ ಹೊಳಲಿನವರು.

“ಬರ್ರಿ ಅಣ್ಣಾರ. ಕಾಲು ತೊಳ್ಕೊಳಾಕ ಬಾಗಲಕಡೆ ನೀರಿಟ್ಟಿಲ್ಲ, ಇದು ಮಸ್ಕತ್ತು. ಒಳಗ ನಲ್ಲಿ ಐತಿ, ಆದ್ರ ತಣ್ಣೀರಿನ ನಲ್ಲಿ ಮುಟ್ಟಬ್ಯಾಡ್ರಿ, ಅದರಾಗೂ ಕುದಿಯೋ ನೀರಾ ಬರತಾವು. ಎಸರಿಡೋದು ಬ್ಯಾಡ, ನಲ್ಲಿ ಕೆಳಗಾ ಹಿಟ್ಟು ಹಿಡಿಬೋದು.”

ನಾನು ಚಪ್ಪಲಿ ಬಿಡುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದೆ. ಬರಹಗಾರನ ಹೆಸರು ಮುಚ್ಚಿಟ್ಟರೂ ಯಾವ ತಾಲೂಕಿನ ವರದಿಗಾರ ಬರೆದದ್ದೆಂದು ಹೇಳುವುದು ನಮ್ಮ ಕಸುಬಿನಲ್ಲಿ ದೊಡ್ಡ ವಿದ್ಯೆಯಲ್ಲ. ಈ ವಾಕ್ಯ ಯಾರದೆಂದು ನನಗೆ ಗೊತ್ತಿತ್ತು. ಕೊಟ್ರೇಶನ ಕಡೆ ತಿರುಗಿದೆ. ಅವನು ಆಗಲೇ ಅಡುಗೆಮನೆಗೆ ನುಸುಳಿದ್ದ.

“ಪೇಪರ್‌ನವರಿಗೆ ತಿಳಿಯಾಕ ಇಷ್ಟು ತಡಾ ಆತೇನ್ರಿ?” ಅಂದರು ಸುಮಂಗಳಾ.

ನಡೆದದ್ದು ಇಷ್ಟು. ಬಳಗಕ್ಕೆ ಸೇರಿದ್ದು ಕೊಟ್ರೇಶನೇ. ವಾಸನೆಯ ಪ್ರಶ್ನೆಗೆ ಉತ್ತರ ಕೊಟ್ಟು, ‘ನಮಸ್ಕಾರ’ ಎಂದು ಒಂದು ಸಾಲು ಬರೆದು, ಇನ್ನೇನು ಬರೆಯುವುದೆಂದು ತೋಚದೆ ಬಿಟ್ಟ. ಮದುವೆಯಾಗಿ ಬಂದ ಸುಮಂಗಳಾ ಬಿ.ಎ. ಓದಿದವರು, ಹಗಲೆಲ್ಲ ಒಬ್ಬರೇ. ಒಂದು ದಿನ ಯಾರೋ ಹುಡುಗ ರೊಟ್ಟಿ ಯಾಕೆ ಸೀಳುತ್ತದೆ ಎಂದು ಬಳಗಕ್ಕೆ ಕೇಳಿದ್ದ. ಆರು ಗಂಡಸರು ಆರು ತಪ್ಪು ಉತ್ತರ ಬರೆದಿದ್ದರು. ತಡೆಯಲಾರದೆ ಗಂಡನ ಹೆಸರಿನಲ್ಲೇ ಸರಿಯುತ್ತರ ಬರೆದರು. ಹದಿನಾಲ್ಕು ತಿಂಗಳಾದರೂ ಆ ಉತ್ತರ ಮುಗಿದಿರಲಿಲ್ಲ. ಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬರುತ್ತಿದ್ದುದರಿಂದ ಮನೆಯ ಫೋನು ಸದಾ ಎಂಗೇಜು. ಹಾಗಾಗಿ ಯಾರೂ ಕೊಟ್ರೇಶನ ದನಿ ಕೇಳಲು ಸಾಧ್ಯವಾಗಿರಲಿಲ್ಲ.

“ನನ್ನ ಪತ್ರಿಕೆಯಲ್ಲಿ ತಪ್ಪು ಅಚ್ಚಾಗೈತಿ. ತಿದ್ದುಪಡಿ ಹಾಕಬೇಕಾಗತೈತಿ ತಂಗಿ” ಎಂದೆ.

ಸುಮಂಗಳಾ ನಗು ನಿಲ್ಲಿಸಿದರು. “ಅದೊಂದು ಮಾಡಬ್ಯಾಡ್ರಿ ಅಣ್ಣಾರ. ಹೊಳಲಾಗ ನಮ್ಮ ಕಟ್ಟಿ ಮ್ಯಾಗ ಹತ್ತು ಮಂದಿ ಕುಂದರ್ತಿದ್ವಿ. ಇಲ್ಲಿ ಬಾಜೂ ಮನಿಯವರ ಮಾರಿ ಕಾಣಬೇಕಂದ್ರ ಲಿಫ್ಟ್ ಕೆಡಬೇಕು. ಈ ಹುಡುಗ್ರು ನನ್ನ ಜೋಡಿ ಜಗಳಾ ಮಾಡ್ತಾರ. ‘ಲೇ ಕೊಟ್ರ್ಯಾ’ ಅಂತಾರ. ತಲಿ ತಿಂತಾರ. ನಾನು ಹೆಣ್ಮಗಳು ಅಂತ ತಿಳಿದ ದಿನಾ ‘ಅಕ್ಕಾರ, ಆರಾಮ್ರಿ?’ ಅಂತಾರ, ಮುಗೀತು. ಮರ್ಯಾದಿ ಕೊಟ್ಟು ಹೊರಗ ಕುಂದರಸ್ತಾರ. ಆಮೇಲೆ ನಾನು ಈ ಗ್ವಾಡಿ ಜೋಡಿ ಮಾತಾಡಬೇಕು.”

ತಿದ್ದುಪಡಿಯನ್ನು ಸದ್ಯಕ್ಕೆ ತಡೆಹಿಡಿದೆ. ಆದರೆ ನನಗಿಂತ ದೊಡ್ಡ ಗಂಡಾಂತರ ಮೇಜಿನ ಮೇಲಿತ್ತು. ನಾಗರಾಜಪ್ಪನವರ ಸುತ್ತೋಲೆ, ಶುಕ್ರವಾರದ ಕಾರ್ಯಕ್ರಮ. ಒಂದು, ಪ್ರಾರ್ಥನೆ. ಎರಡು, ಅಧ್ಯಕ್ಷರ ಭಾಷಣ. ಮೂರು, ಕೊಟ್ರೇಶ-4 ಇವರಿಂದ ಜೋಳದ ರೊಟ್ಟಿ ಬಡಿಯುವ ಪ್ರಾತ್ಯಕ್ಷಿಕೆ.

ಅಡುಗೆಮನೆಯಿಂದ ದಪ್ ದಪ್ ಎಂಬ ಸದ್ದು ಬಂತು. ಕೊಟ್ರೇಶ ಹನ್ನೆರಡು ದಿನದಿಂದ ಅಭ್ಯಾಸ ಮಾಡುತ್ತಿದ್ದ. ಕೆಟ್ಟ ರೊಟ್ಟಿಯನ್ನು ಬಿಸಾಡಲು ಮನಸ್ಸು ಬಾರದೆ ತಾನೇ ತಿನ್ನುತ್ತಿದ್ದ. ಮುಖ ಗುಂಡಗಾದದ್ದು ಅದರಿಂದ. ನಾವು ಹೋಗಿ ನೋಡಿದಾಗ ಹಲಗೆಯ ಮೇಲೆ ಒಂದು ಆಕಾರ ಇತ್ತು.

“ಇದೇನ್ರಿ?” ಸುಮಂಗಳಾ ಕೇಳಿದರು.

“ರೊಟ್ಟಿ.”

“ರೊಟ್ಟಿ ಅಲ್ಲ, ಹರಪನಹಳ್ಳಿ ತಾಲೂಕಿನ ನಕ್ಷಿ. ಈ ಮೂಲಿ ಹಿಡಿದು ಎಳದ್ರ ದಾವಣಗೇರಿ ಮುಟ್ಟತೈತಿ. ಕೈ ಮುರದೈತಿ ಅಂತ ಬರದು ಬಿಡ್ಲ್ಯಾ?”

“ಸುಳ್ಳು ಹೇಳಾಕ ಬರಂಗಿಲ್ಲ ನನಗ” ಅಂದ ಕೊಟ್ರೇಶ. ಹದಿನಾಲ್ಕು ತಿಂಗಳಿಂದ ಅವನ ಹೆಸರಲ್ಲಿ ನಡೆಯುತ್ತಿದ್ದುದು ಸುಳ್ಳಲ್ಲವೇ ಎಂದು ನಾನು ಕೇಳಿದೆ. ಸ್ವಲ್ಪ ಯೋಚಿಸಿ, “ನಾನು ಹೇಳಿಲ್ಲಲ್ರಿ” ಅಂದ.

ಬರ್ಕಾ, ದಾದಾಪೀರನ ಗ್ಯಾರೇಜು

ಬುಧವಾರ ದಾದಾಪೀರನನ್ನು ನೋಡಲು ಹೊರಟೆ. ಬರ್ಕಾ ಒಂದು ತಾಸಿನ ದಾರಿ. ಕೊಟ್ರೇಶ ಗೇಟಿನ ತನಕ ಬಂದವನು ನಾನು ಇಳಿದ ಕೂಡಲೇ ಗಾಡಿ ತಿರುಗಿಸಿದ. “ಅವನು ಬಾಳ ಮಾತಾಡ್ತಾನಂತ್ರಿ” ಎಂದಷ್ಟೇ ಹೇಳಿದ. ದಾರಿಯಲ್ಲಿ, ಇಷ್ಟು ಕಷ್ಟಪಟ್ಟು ರೊಟ್ಟಿ ಯಾಕೆ ಕಲಿಯುತ್ತಿ ಎಂದು ಕೇಳಿದ್ದಕ್ಕೆ ಅವನು ಕೊಟ್ಟಿದ್ದ ಉತ್ತರ ಇನ್ನೂ ಚಿಕ್ಕದು: “ಅಕಿಗೆ ಇದೊಂದಾ ಐತ್ರಿ.”

ದಾದಾಪೀರ್ ಒಂದು ಲಾರಿಯ ಅಡಿಯಿಂದ ಹೊರಬಂದ. ತಲೆಗೆ ಕ್ಯಾಪು, ಕೈಗೆಲ್ಲ ಗ್ರೀಸು.

“ಪೇಪರ್ ಸರ್, ಬರ್ರಿ ಬರ್ರಿ. ಕೊಟ್ರೇಶಣ್ಣ ಎಲ್ಲಿ?”

“ಕೆಲಸ ಇತ್ತು, ಹೋದರು.”

“ಗೇಟಿನ ತನಕ ಬಂದು ಒಳಗೆ ಬರಲಿಲ್ವಾ? ಬರೆದು ಬೈಯೋಕೆ ಮಾತ್ರ ಬರ್ತೈತೆ ನೋಡ್ರಿ ಆ ಮನುಷ್ಯಂಗೆ.”

ಅಡುಗೆಕೋಣೆಗೆ ಕರೆದೊಯ್ದ. ಗೋಡೆಗೆ ಹದಿನೇಳು ಹಾಳೆ ಅಂಟಿಸಿದ್ದರು. ಕೊಟ್ರೇಶ-4 ಬರೆದ ರೊಟ್ಟಿ ಪಾಠ. ಇಂಟರ್ನೆಟ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದ್ದು. ಮುಖ್ಯ ಸಾಲುಗಳ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಹಿಟ್ಟಿನ ಬೆರಳಚ್ಚು. ಲಾರಿಯ ಎಂಜಿನ್ನಿನ ಕೈಪಿಡಿಗೂ ಇಷ್ಟು ಗೌರವ ಅಲ್ಲಿರಲಿಲ್ಲ.

“ಬಂದ ಹೊಸತರಲ್ಲಿ ವಾಪಸ್ ಹೋಗ್ತೀನಿ ಅಂತ ಬರೆದಿದ್ದೆ ಸರ್. ಅಣ್ಣ ಏನು ಬರೆದ ಗೊತ್ತಾ? ‘ಹೋಗು. ಮೊದಲು ನಿಮ್ಮಮ್ಮಗ ಫೋನ್ ಮಾಡಿ ಯಾಕ ಬರಾಕತ್ತೀನಿ ಅಂತ ಹೇಳು. ಹೇಳಾಕ ಬಾಯಿ ಬಂದ್ರ ಹೋಗು.’ ಬಾಯಿ ಬರಲಿಲ್ಲ. ಇಲ್ಲೇ ಇದೀನಿ.”

ಆಮೇಲೆ ಸುತ್ತ ನೋಡಿ ಕ್ಯಾಪು ತೆಗೆದ. ತಲೆ ಮುಕ್ಕಾಲು ಖಾಲಿ. ಸಮುದ್ರದ ನೀರು ಸೋಸಿ ಕೊಡುವ ಊರಿನಲ್ಲಿ ಸ್ನಾನಕ್ಕೇ ಕೂದಲು ಉದುರುತ್ತದೆಂದು ಅಲ್ಲಿ ಎಲ್ಲರೂ ನಂಬಿದ್ದಾರೆ. “ಮದುವೆ ಮಾತು ನಡೀತಿತ್ತು. ಹುಡುಗಿ ಮನೆಗೆ ಹೋಗಿದ್ದ ಫೋಟೋ ಹಳೇದು, ಕೂದಲಿರೋದು. ಯಾರಿಗೆ ಹೇಳೋದು? ಕೊಟ್ರೇಶಣ್ಣಂಗೆ ಒಬ್ಬಂಗೆ ಬೇರೆಯಾಗಿ ಬರೆದೆ. ‘ಇವತ್ತಾ ಟೋಪಿ ತೆಗೆದು ಹೊಸ ಫೋಟೋ ಕಳಸು, ಇಲ್ಲಂದ್ರ ನಿಕಾ ದಿನ ಅವರಿಗೆ ನೀನು ಟೋಪಿ ಹಾಕಿದಂಗ ಆಗತೈತಿ’ ಅಂತ ಬೈದ. ಕಳಿಸಿದೆ. ಹುಡುಗಿ ಒಪ್ಪಿದಾಳೆ. ಈ ಮಾತು ಗಂಡಸರ ಹತ್ರ ಬಿಟ್ಟು ಯಾರ ಹತ್ರ ಹೇಳೋಕಾಗ್ತೈತೆ ಸರ್? ಶುಕ್ರವಾರ ಆ ಮನುಷ್ಯನ ಕೈ ಹಿಡಿದು ಎರಡು ಮಾತಾಡಬೇಕು.”

ಚಹಾ ಬಿಸಿಯಿತ್ತು, ಅದನ್ನು ಊದುವ ನೆವದಲ್ಲಿ ಅವನ ಮುಖ ನೋಡುವುದನ್ನು ತಪ್ಪಿಸಿಕೊಂಡೆ. ಕೇಳಿದ್ದನ್ನು ಬರೆಯದೆ ಇಟ್ಟುಕೊಂಡ ಅನುಭವ ನನಗಿದೆ. ಗೊತ್ತಿದ್ದೂ ಎದುರಿಗೆ ಸುಮ್ಮನೆ ಕುಳಿತದ್ದು ಅದೇ ಮೊದಲು.

ಶುಕ್ರವಾರ, ಖರ್ಜೂರದ ತೋಟ

ದಾದಾಪೀರ್ ಗಾಡಿ ರಿಪೇರಿ ಮಾಡಿಕೊಡುತ್ತಿದ್ದ ಒಮಾನಿ ಹಿರಿಯರೊಬ್ಬರು ತಮ್ಮ ತೋಟ ಬಿಟ್ಟುಕೊಟ್ಟಿದ್ದರು. ಕಲ್ಲಿನ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಯಾವ ಮರಕ್ಕೆ ಎಷ್ಟು ಹೊತ್ತು ನೀರು ಎಂಬುದಕ್ಕೆ ಪಾಳಿ ಇದೆಯಂತೆ, ಅದಕ್ಕೆ ಜಗಳವೇ ಇಲ್ಲವಂತೆ. ಈ ಎರಡನೇ ಮಾತನ್ನು ನಮ್ಮ ಕಾಲುವೆಯ ಕೊನೆಯ ಹೊಲದವರು ನಂಬಲಾರರು. ಹಿರಿಯರು ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟರು. ಖಾಲಿಯಾದ ಕೂಡಲೇ ಮತ್ತೆ ತುಂಬಿದರು. ಬೇಡವೆನ್ನಲು ಬಟ್ಟಲನ್ನು ಅಲ್ಲಾಡಿಸಬೇಕೆಂದು ಗೊತ್ತಿಲ್ಲದೆ, ಉಳಿಸಿದರೆ ಅವಮಾನವೆಂದು ನಾನು ಕುಡಿಯುತ್ತಲೇ ಹೋದೆ. ಒಂಬತ್ತನೆಯದಕ್ಕೆ ಅವರೇ ಕರುಣೆಯಿಂದ ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು.

ನಲವತ್ತು ಗಂಡಸರು, ಐದಾರು ಕುಟುಂಬ. ಎಲ್ಲರೂ ಎದೆಗೆ ಹೆಸರಿನ ಚೀಟಿ ಅಂಟಿಸಿಕೊಂಡಿದ್ದರು. ತಿಂಗಳುಗಟ್ಟಲೆ ಬರೆದು ಬೈದಾಡಿದವರು ಚೀಟಿ ಓದಿದ ಮೇಲೆ, “ನೀನಾ ಏನಲೇ ಅವನು?” ಎಂದು ತಬ್ಬಿಕೊಳ್ಳುತ್ತಿದ್ದರು. ಸುಮಂಗಳಾ ಹೆಂಗಸರ ಜಮಖಾನೆಯ ಮೇಲೆ ಕುಳಿತಿದ್ದರು. ಎದೆಯ ಮೇಲೆ ಚೀಟಿ ಇರಲಿಲ್ಲ. ಕಣ್ಣು ಮಾತ್ರ ಈ ಕಡೆಯ ಪ್ರತಿ ಚೀಟಿಯನ್ನೂ ಓದುತ್ತಿತ್ತು.

ಅಧ್ಯಕ್ಷರ ಭಾಷಣ ಮುಗಿದು ಕೊಟ್ರೇಶ ಒಲೆಯ ಮುಂದೆ ಕುಳಿತ. ಚಪ್ಪಾಳೆ. ಸುತ್ತ ಹುಡುಗರು, ಮುಂದಿನ ಸಾಲಿನಲ್ಲಿ ದಾದಾಪೀರ್, ಕೈಯಲ್ಲಿ ಆ ಹದಿನೇಳು ಹಾಳೆ. ಎಸರು ಮರಳಿತು. ಕೊಟ್ರೇಶ ಹಿಟ್ಟು ಹಾಕಿದವನೇ ಕೋಲಿನಿಂದ ತಿರುವತೊಡಗಿದ.

“ಅಣ್ಣ, ಅಣ್ಣ” ಎಂದ ದಾದಾಪೀರ್. “ಹಾಕಿದ ಕೂಡ್ಲೇ ತಿರುವಬಾರದು ಅಂತ ನೀವೇ ಬರೆದೀರಲ್ಲ. ಮೂರನೇ ಹಾಳೆ.”

“ಹೂಂ” ಎಂದು ಕೊಟ್ರೇಶ ಕೋಲು ಎತ್ತಿದ. ತಡವಾಗಿತ್ತು.

ನಾದುವಾಗ ಹಿಂದಿನ ಸಾಲಿನವನೊಬ್ಬ, “ಕೈಗೆ ನೀರು ಹಚ್ಕೊಳ್ರಿ, ಆರನೇ ಹಾಳಿ” ಎಂದ. ಬಡಿಯುವಾಗ ನಾಲ್ಕು ಮಂದಿ ಒಟ್ಟಿಗೆ, “ತಿರಗಬೇಕು, ರೊಟ್ಟಿ ತಿರಗಬೇಕು” ಎಂದರು. ಶಿಷ್ಯರು ಗುರುವಿಗೆ ಗುರುವಿನದೇ ಪುಸ್ತಕದಿಂದ ಪಾಠ ಹೇಳುವುದನ್ನು ನಾನು ಮೊದಲ ಬಾರಿ ನೋಡಿದೆ. ರೊಟ್ಟಿ ತಿರುಗಲಿಲ್ಲ. ಹಲಗೆಗೆ ಹಿಡಿಯಿತು. ಎತ್ತಿದರೆ ಅರ್ಧ ಬಂತು.

“ಇಷ್ಟು ಮಂದಿ ನೋಡಿದ್ರ ಯಾರಿಗಾದ್ರೂ ಕೈ ನಡಗತಾವ” ಎಂದರು ನಾಗರಾಜಪ್ಪ. “ಸಾವಕಾಶ ಮಾಡ್ರಿ, ಇನ್ನೊಂದು ಬಡೀರಿ.”

ಅದು ತಪ್ಪಿಸಿಕೊಳ್ಳಲು ಸಿಕ್ಕ ಬಾಗಿಲು. ಕೈ ನಡುಗಿತು ಎಂದಿದ್ದರೆ ಮುಗಿಯುತ್ತಿತ್ತು. ಕೊಟ್ರೇಶ ಹಿಟ್ಟಿನ ಕೈಯನ್ನು ಮೊಳಕಾಲಿಗೆ ಒರೆಸಿಕೊಂಡು ನೆಟ್ಟಗೆ ನಿಂತ.

“ನನಗ ರೊಟ್ಟಿ ಮಾಡಾಕ ಬರಂಗಿಲ್ರಿ. ಅವು ಹಾಳಿ ನಾನು ಬರದಿದ್ದಲ್ಲ. ಒಂದೂ ನಾನು ಬರದಿದ್ದಲ್ಲ. ಬರದಾಕಿ ಅಲ್ಲಿ ಕುಂತಾಳ.”

ನಲವತ್ತು ತಲೆಗಳು ಜಮಖಾನೆಯ ಕಡೆ ತಿರುಗಿದವು. ಸುಮಂಗಳಾ ಎದ್ದರು. ಗಂಡನನ್ನು ನೋಡಲಿಲ್ಲ. ಕಾಲುವೆಯಲ್ಲಿ ಕೈ ತೊಳೆದು, ಸೆರಗು ಸಿಕ್ಕಿಸಿ, ಒಲೆಯ ಮುಂದೆ ಕುಳಿತು ಹೊಸ ಎಸರಿಟ್ಟರು. ಆಮೇಲೆ ಮೂವತ್ತೆರಡು ರೊಟ್ಟಿ, ಒಂದರ ಹಿಂದೆ ಒಂದು, ಒಂದೇ ಅಳತೆ. ಒಂದು ಮಾತೂ ಇಲ್ಲ.

ಅವರು ಹೇಳಿದ್ದ ಹಾಗೇ ಆಯಿತು. “ಅಕ್ಕಾರ, ಸಾಕ್ರಿ.” “ನೀವು ದಣಿಬ್ಯಾಡ್ರಿ.” “ಬಾಳ ಚಲೋ ಆಗ್ಯಾವ್ರಿ.” ಅಷ್ಟು ಹೊತ್ತು ಲೇ, ಮಗನೇ ಎಂದು ಕೂಗಾಡುತ್ತಿದ್ದವರು ಮದುವೆ ಮನೆಯಲ್ಲಿ ಬೀಗರ ಸಾಲಿನಲ್ಲಿ ಕುಳಿತವರಂತೆ ತಲೆ ತಗ್ಗಿಸಿ ಉಂಡರು. ದಾದಾಪೀರ್ ಮಾತ್ರ ಕಾಣಲಿಲ್ಲ. ಹುಡುಕಿದರೆ, ಕ್ಯಾಪನ್ನು ಹುಬ್ಬಿನ ತನಕ ಎಳೆದುಕೊಂಡು ನಮ್ಮ ಗಾಡಿಯ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ.

“ಏನಾಗೈತಿ ಗಾಡಿಗೆ?” ಎಂದೆ.

“ಏನೂ ಆಗಿಲ್ಲ ಸರ್” ಎಂದ. ತಲೆ ಹೊರಗೆ ತೆಗೆಯಲಿಲ್ಲ.

ಶನಿವಾರ, ಭಾನುವಾರ

ಎರಡು ದಿನ ಆ ಮನೆಯ ಫೋನು ಬಹುತೇಕ ಖಾಲಿಯಿತ್ತು. ಕೊಟ್ರೇಶನ ತಾಯಿ ಮೊದಲ ಸಲಕ್ಕೇ ಲೈನ್ ಸಿಕ್ಕಿತೆಂದು ಗಾಬರಿಯಾಗಿ, ಯಾರಿಗೇನಾಯಿತು ಎಂದು ಕೇಳಿದರು.

ಗುಟ್ಟು ಬಯಲಾದ ಮೇಲೆ ಇನ್ನು ತಡೆಯುವ ಕಾರಣವಿರಲಿಲ್ಲ. ಸುಮಂಗಳಾ ಅವರ ಒಪ್ಪಿಗೆ ಕೇಳಿ ಪತ್ರಿಕೆಗೆ ಮೂರು ಸಾಲಿನ ತಿದ್ದುಪಡಿ ಕಳಿಸಿದೆ. “ಹಾಕ್ರಿ, ಇನ್ನೇನೈತಿ” ಅಂದರು. ಅದೇ ದಿನ ನಾಗರಾಜಪ್ಪನವರ ಸುತ್ತೋಲೆ ಬಂತು. ಶ್ರೀಮತಿ ಸುಮಂಗಳಾ ಅವರಿಗೆ ಬಳಗದ ಪರವಾಗಿ ಹೃತ್ಪೂರ್ವಕ ಕೃತಜ್ಞತೆಗಳು. ಬಳಗದಲ್ಲಿ ಮಹಿಳಾ ವಿಭಾಗವನ್ನು ಪ್ರತ್ಯೇಕವಾಗಿ ತೆರೆಯಲಾಗಿದೆ. ಅವರನ್ನೇ ಸಂಚಾಲಕಿಯನ್ನಾಗಿ ನೇಮಿಸಲಾಗಿದೆ. ವಿಭಾಗದ ಒಟ್ಟು ಸದಸ್ಯರು ಒಬ್ಬರು.

“ಕಟ್ಟಿ ಮ್ಯಾಗಿಂದ ಎಬ್ಬಿಸಿ ದೇವರ ಮನ್ಯಾಗ ಕುಂದರಿಸಿದ್ರು” ಎಂದರು ಸುಮಂಗಳಾ. ಗಂಡನ ಜೊತೆ ಶುಕ್ರವಾರದಿಂದ ಮಾತಾಡಿರಲಿಲ್ಲ. ಕೊಟ್ರೇಶ ಮೊದಲೇ ಮಾತಾಡದವನಾದ್ದರಿಂದ ಮನೆಯಲ್ಲಿ ಮಾತಾಡುವವನು ನಾನೊಬ್ಬನೇ ಉಳಿದೆ. ಹವಾಮಾನದ ಬಗ್ಗೆ ಹೇಳಿದೆ. ಅಲ್ಲಿ ಹವಾಮಾನ ಬದಲಾಗುವುದಿಲ್ಲ.

ಭಾನುವಾರ ಸುಮಂಗಳಾ ಕಂಪ್ಯೂಟರ್ ಮುಂದೆ ಕುಳಿತು ಮೊದಲ ಬಾರಿಗೆ ತಮ್ಮ ಹೆಸರಿನಲ್ಲಿ ಎಲ್ಲರಿಗೂ ಬರೆದರು: ‘ಮೊನ್ನೆ ಮೂವತ್ತೆರಡು ರೊಟ್ಟಿ ತಿಂದೀರಿ. ಹೆಂಗಿದ್ದವು ಅಂತ ಒಬ್ಬನೂ ಬರದಿಲ್ಲ. ನಾಲಗಿ ತೋಟದಾಗ ಬಿಟ್ಟು ಬಂದೀರೇನು?’

ಸಂಜೆಯೊಳಗೆ ಹನ್ನೊಂದು ಉತ್ತರ ಬಂದವು. ಹನ್ನೊಂದೂ ಒಂದೇ: ‘ಬಹಳ ರುಚಿಯಾಗಿದ್ದವು ಅಕ್ಕಾರೇ, ಧನ್ಯವಾದಗಳು.’ ಸುಮಂಗಳಾ ಎಲ್ಲವನ್ನೂ ಓದಿ, ಯಂತ್ರ ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿದರು. ಅಲ್ಲೇ ನಿಂತಿದ್ದ ಕೊಟ್ರೇಶ, “ತಪ್ಪಾತು” ಎಂದ. ಆಕೆ ಅಡುಗೆಮನೆಗೆ ಹೋದರು.

ಸೋಮವಾರ

ಮಧ್ಯಾಹ್ನ ನನ್ನ ವಿಮಾನ. ಚೀಲ ಕಟ್ಟಿ ಬಾಗಿಲಲ್ಲಿಟ್ಟು, ಹೊರಡುವ ಮುಂಚೆ ಊರಿನಿಂದ ನನಗೇನಾದರೂ ಮೇಲ್ ಬಂದಿದೆಯೇ ನೋಡಬಹುದೇ ಎಂದು ಕೇಳಿದೆ. ಸುಮಂಗಳಾ ಬೇಸರದಿಂದಲೇ ಯಂತ್ರ ಚಾಲೂ ಮಾಡಿದರು. ನನಗೆ ಬಂದಿರಲಿಲ್ಲ. ಬಳಗಕ್ಕೆ ದಾದಾಪೀರನಿಂದ ಬಂದಿತ್ತು, ಎಲ್ಲರೂ ಓದುವ ಹಾಗೆ.

‘ಸುಮಂಗಳಕ್ಕ ಅನ್ನೋರಿಗೆ. ಇಷ್ಟು ತಿಂಗಳು ನನ್ನ ಬಾಯಲ್ಲಿ ಅಣ್ಣ ಅಣ್ಣ ಅನ್ನಿಸ್ಕೊಂಡಿರಲ್ಲ, ಒಂದು ದಿನ ಆದ್ರೂ ನಿಮಗೆ ಅಯ್ಯೋ ಅನ್ನಿಸಲಿಲ್ವಾ? ಮೂರು ದಿನದಿಂದ ನನಗೆ ನಿದ್ದೆ ಇಲ್ಲ. ನಿನ್ನೆ ಒಬ್ಬರ ಗಾಡಿಗೆ ಬ್ರೇಕ್ ಹಾಕೋದು ಬಿಟ್ಟು ಹಾರ್ನ್ ರಿಪೇರಿ ಮಾಡಿ ಕಳಿಸಿದೀನಿ, ಅದಕ್ಕೂ ನೀವೇ ಕಾರಣ. ಇನ್ನೊಂದು ಮಾತು. ಉಳಿದೋರು ಹೆದರಿ ಸುಳ್ಳು ಬರೆದಿದಾರೆ. ನಿಮ್ಮ ರೊಟ್ಟಿ ಅಂಚು ದಪ್ಪ ಇತ್ತು. ಹತ್ತನೇ ಹಾಳೆಯಲ್ಲಿ ನೀವು ಹೇಳಿರೋ ಹಂಗೆ ಇರಲಿಲ್ಲ. ಬರೆಯೋದು ಒಂದು, ಬಡಿಯೋದು ಇನ್ನೊಂದಾ? ಇದಕ್ಕೆ ಉತ್ತರ ಕೊಡಬೇಕು. ಕೊಡದಿದ್ರೆ ನಾಳೆ ಇನ್ನೂ ಬೈತೀನಿ.’

ಅದರ ಕೆಳಗೇ ಇನ್ನೊಬ್ಬ ಬರೆದಿದ್ದ, ಅಂಚು ಸರಿಯಿತ್ತು, ದಾದಾಪೀರನ ಹಲ್ಲು ಸರಿಯಿಲ್ಲ ಎಂದು. ಅವನಿಗೆ ಕೊಟ್ರೇಶ-6 ಬೈದಿದ್ದ.

ಸುಮಂಗಳಾ ಎರಡು ಸಲ ಓದಿದರು. ಕುರ್ಚಿ ಎಳೆದುಕೊಂಡರು.

“ಬೈದಾನ್ರೀ” ಎಂದರು, ಗಂಡನಿಗೆ. ಮೂರು ದಿನದ ಮೇಲೆ ಆಡಿದ ಮೊದಲ ಮಾತು. “ಅಂಚು ದಪ್ಪ ಅಂತ. ಹಾಳಿ ನಂಬರ್ ಬ್ಯಾರೆ ಹೇಳ್ಯಾನ. ಒಂಬತ್ತನೇದ್ರಾಗ ಏನು ಬರದೀನಿ ಓದ್ಯಾನೇನು ಅವನು? ಹೊರಗಿನ ಗಾಳ್ಯಾಗ ಬಡದ್ರ ಅಂಚು ದಪ್ಪಾ ಆಗತೈತಿ ಅಂತ ಬರದಿಲ್ಲೇನು ನಾನು? ಇರ್ಲಿ, ಹೇಳ್ತೀನಿ ಇವತ್ತು.”

ಬೆರಳು ಓಡತೊಡಗಿದವು. ನಾನು ಹೋಗಿ ಬರುತ್ತೇನೆ ತಂಗಿ ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಹಿಂದೆ ತಿರುಗದೆಯೇ, “ಬರ್ರಿ, ಬರ್ರಿ, ಕುಂದರ್ರಿ” ಎಂದರು.

ಕೊಟ್ರೇಶ ನನ್ನ ಚೀಲ ಎತ್ತಿಕೊಂಡ. ಲಿಫ್ಟಿನಲ್ಲಿ ಇಬ್ಬರೇ. ಎರಡನೇ ಅಂತಸ್ತು ದಾಟಿದ ಮೇಲೆ, ಕೇಳದೆಯೇ ಮಾತಾಡಿದ.

“ಇವತ್ತು ಊಟಾ ಬಾಳ ತಡಾ ಆಗತೈತ್ರಿ.”

ಅವನು ಅಷ್ಟು ಸಂತೋಷವಾಗಿದ್ದುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.